ಬೆಳಗಾವಿ ಅಂಗಡಿಗಳ ‘ಸೆಲ್ ಕಿಟ್’: ಪೆಟ್ಟಿಗೆಯಲ್ಲಿ ಕೆಲಸಕ್ಕೆ ಬರುವುದೆಷ್ಟು?

8 ಮತ್ತು 9ನೇ ತರಗತಿಯ ಜೀವಕೋಶದ ಪಾಠಕ್ಕೆಂದು ಬೆಳಗಾವಿಯ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಒಂದು ಪೆಟ್ಟಿಗೆ ಸಿಗುತ್ತದೆ. ಬಾಗಲಕೋಟೆ, ವಿಜಯಪುರದ ಹೈಸ್ಕೂಲುಗಳಿಗೂ ಇದೇ ಪೆಟ್ಟಿಗೆ ಹೋಗುತ್ತದೆ. ಹೆಸರು ಅಂಗಡಿಗೊಂದು ಇದ್ದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ಒಂಟಿ ಕಣ್ಣಿನ ಸೂಕ್ಷ್ಮದರ್ಶಕ, ಹತ್ತು ಸಿದ್ಧ ಸ್ಲೈಡು, ಕೋಶಕ್ಕೆ ಹಾಕುವ ಬಣ್ಣಗಳಾದ ಸಫ್ರಾನಿನ್, ಅಯೋಡಿನ್ ಮತ್ತು ಮಿಥಿಲೀನ್ ಬ್ಲೂ ಬಾಟಲಿಗಳು, ಖಾಲಿ ಸ್ಲೈಡು, ಕವರ್ ಸ್ಲಿಪ್ (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು), ಪ್ರಾಣಿಕೋಶ ಮತ್ತು ಸಸ್ಯಕೋಶದ ಪ್ಲಾಸ್ಟಿಕ್ ಮಾದರಿ, ಮೊಬೈಲ್ ಸಿಕ್ಕಿಸುವ ಕ್ಲಿಪ್ಪು, ಗೋಡೆಗೆ ತೂಗುಹಾಕುವ ಚಾರ್ಟು. ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಸೂಕ್ಷ್ಮದರ್ಶಕ, ಬಣ್ಣ, ಖಾಲಿ ಸ್ಲೈಡು, ಕವರ್ ಸ್ಲಿಪ್ ಮತ್ತು ಮೊಬೈಲ್ ಕ್ಲಿಪ್ಪನ್ನು ಬಿಡಿಯಾಗಿ ಕೊಳ್ಳಿ, ಸಿದ್ಧ ಸ್ಲೈಡಿನಲ್ಲಿ ಎರಡು ಮೂರನ್ನು ಆರಿಸಿಕೊಳ್ಳಿ, ಉಳಿದದ್ದನ್ನು ಅಂಗಡಿಯಲ್ಲೇ ಬಿಡಿ. ಕೋಶ ಏನು ಕೆಲಸ ಮಾಡುತ್ತದೆ ಎಂದು ತೋರಿಸುವ ಸಾಮಾನು ಪೆಟ್ಟಿಗೆಗಿಂತ ಹೆಚ್ಚಾಗಿ ಸಂತೆಯಲ್ಲಿದೆ.

ಸೂಕ್ಷ್ಮದರ್ಶಕದಿಂದಲೇ ಶುರುಮಾಡೋಣ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘675 ಪಟ್ಟು’ ಎಂದು ಅಚ್ಚಾಗಿರುತ್ತದೆ. 45 ಪಟ್ಟು ಹಿಗ್ಗಿಸುವ ವಸ್ತುಮಸೂರಕ್ಕೆ (ಸ್ಲೈಡಿನ ಕಡೆಯದು) 15 ಪಟ್ಟಿನ ಕಣ್ಣುಮಸೂರ ಸೇರಿಸಿದರೆ ಬರುವ ಲೆಕ್ಕವದು. ಲೆಕ್ಕ ಸುಳ್ಳಲ್ಲ, ಆದರೆ ಪ್ರಯೋಜನ ಕಡಿಮೆ. 45ರ ಮಸೂರದ ಮೇಲೆ 0.65 ಎಂಬ ಇನ್ನೊಂದು ಅಂಕಿ ಕೆತ್ತಿರುತ್ತದೆ, ನೋಡಬೇಕಾದ್ದು ಅದನ್ನು. ಆ ಅಂಕಿಯ ಲೆಕ್ಕದಲ್ಲಿ ಮಸೂರ ಬೇರ್ಪಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು ಅರ್ಧ ಮೈಕ್ರೋಮೀಟರ್ (ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಕಣ್ಣುಮಸೂರ ಬದಲಿಸಿದ ಮಾತ್ರಕ್ಕೆ ಅದು ಸುಧಾರಿಸುವುದಿಲ್ಲ. ಚಿತ್ರ ದೊಡ್ಡದಾಗುತ್ತದೆ, ಮಬ್ಬಾಗುತ್ತದೆ, ಕಾಣುವ ವೃತ್ತ ಕಿರಿದಾಗುತ್ತದೆ. 10ರ ಕಣ್ಣುಮಸೂರವನ್ನೇ ಇಟ್ಟುಕೊಂಡು 100 ಮತ್ತು 450 ಪಟ್ಟಿನಲ್ಲಿ ಕೆಲಸ ಮಾಡಿ. ಹೈಸ್ಕೂಲಿಗೆ ಅಷ್ಟು ಸಾಕು.

ಈ ಅರ್ಧ ಮೈಕ್ರೋಮೀಟರಿನ ಮಿತಿ ಪಾಠಕ್ಕೂ ಸಂಬಂಧಪಟ್ಟದ್ದು. ಕೋಶಭಿತ್ತಿ, ಕೋಶಕೇಂದ್ರ, ಕ್ಲೋರೋಪ್ಲಾಸ್ಟ್, ಬಣ್ಣ ತುಂಬಿದ ರಸದಾನಿ (ಕೋಶದೊಳಗಿನ ರಸದ ಚೀಲ) ಇದರಲ್ಲಿ ಕಾಣುತ್ತವೆ. ಮೈಟೋಕಾಂಡ್ರಿಯಾದ ಅಗಲ ಅರ್ಧದಿಂದ ಒಂದು ಮೈಕ್ರೋಮೀಟರ್, ಅದಕ್ಕೆ ತನ್ನದೇ ಬಣ್ಣವೂ ಇಲ್ಲ, ಹಾಗಾಗಿ ಈ ಉಪಕರಣದಲ್ಲಿ ಅದನ್ನು ಗುರುತಿಸುವುದು ಆಗದ ಮಾತು. ಗಾಲ್ಗಿ ಸಂಕೀರ್ಣ, ರೈಬೋಸೋಮ್ ಕೇಳಲೇಬೇಡಿ. ಇದನ್ನು ಮಕ್ಕಳಿಗೆ ಮುಂಚೆಯೇ ಹೇಳದಿದ್ದರೆ ಆಗುವುದು ಇಷ್ಟೇ: ಕಣ್ಣು ಮಸೂರದ ಮೇಲಿರುತ್ತದೆ, ಕೈ ಪುಸ್ತಕದ ಚಿತ್ರವನ್ನು ಬಿಡಿಸುತ್ತದೆ. ಉಳ್ಳಾಗಡ್ಡಿ ಪೊರೆ ನೋಡುತ್ತಲೇ ಹಸಿರು ಕ್ಲೋರೋಪ್ಲಾಸ್ಟ್ ಬರೆದ ಪ್ರಾಕ್ಟಿಕಲ್ ರೆಕಾರ್ಡುಗಳಿಗೆ ಲೆಕ್ಕವಿಲ್ಲ. ಉಳ್ಳಾಗಡ್ಡಿಯ ಒಳಪೊರೆಯಲ್ಲಿ ಕ್ಲೋರೋಪ್ಲಾಸ್ಟೇ ಇರುವುದಿಲ್ಲ.

ಅಂಗಡಿಯಲ್ಲಿ ಉಪಕರಣವನ್ನು ಪರೀಕ್ಷಿಸದೆ ಬಿಲ್ ಮಾಡಿಸಬೇಡಿ. ಒಂದು ದಿನಪತ್ರಿಕೆಯ ತುಂಡು ಸಾಕು. ‘ಕ’ ಅಕ್ಷರವಿರುವ ಚೂರನ್ನು ಸ್ಲೈಡಿನ ಮೇಲಿಟ್ಟು 10ರ ಮಸೂರದಲ್ಲಿ ಸ್ಪಷ್ಟ ಮಾಡಿ. ಅಕ್ಷರ ತಲೆಕೆಳಗಾಗಿ, ಎಡಬಲವೂ ಅದಲುಬದಲಾಗಿ ಕಾಣಬೇಕು. (ಮುಂದೆ ತರಗತಿಯಲ್ಲೂ ಮೊದಲ ಪಾಠ ಇದೇ ಆಗಲಿ. ಸ್ಲೈಡನ್ನು ಬಲಕ್ಕೆ ಸರಿಸಿದರೆ ಚಿತ್ರ ಎಡಕ್ಕೆ ಓಡುವುದೇಕೆ ಎಂಬ ಗೊಂದಲ ಅಲ್ಲೇ ಬಗೆಹರಿಯುತ್ತದೆ.) ಅಕ್ಷರದ ಒಂದು ಮೂಲೆಯನ್ನು ನಡುವೆ ತಂದು 45ರ ಮಸೂರ ತಿರುಗಿಸಿ. ಆ ಮೂಲೆ ಇನ್ನೂ ವೃತ್ತದೊಳಗೇ ಇರಬೇಕು, ಸಣ್ಣ ತಿರುಪನ್ನು ಅರ್ಧ ಸುತ್ತಿನೊಳಗೆ ತಿರುಗಿಸಿದರೆ ಸ್ಪಷ್ಟವಾಗಬೇಕು. ಮೂಲೆ ಮಾಯವಾದರೆ ಮಸೂರಗಳ ನಡು ಕೂಡಿಲ್ಲ ಎಂದರ್ಥ, ಆ ಪೀಸ್ ವಾಪಸ್ ಕೊಡಿ. ದೊಡ್ಡ ತಿರುಪು ತಿರುಗಿಸಿ ಕೈಬಿಟ್ಟು ಒಂದು ನಿಮಿಷ ಕಾಯಿರಿ. ನಳಿಗೆ ತನ್ನ ಭಾರಕ್ಕೇ ಇಳಿಯುತ್ತಿದ್ದರೆ ಹಲ್ಲುಪಟ್ಟಿ ಸಡಿಲ. ಇದು ಅಗ್ಗದ ಉಪಕರಣಗಳಲ್ಲಿ ಅತಿ ಸಾಮಾನ್ಯ ದೋಷ, ಹುಡುಗರು ನೋಡುನೋಡುತ್ತಿದ್ದಂತೆ ಚಿತ್ರ ಮಸುಕಾಗುವುದಕ್ಕೆ ಕಾರಣವೂ ಇದೇ. ಕೊನೆಗೆ 45ರ ಮಸೂರದ ತುದಿಯನ್ನು ಲೆನ್ಸ್ ಪೇಪರಿನಿಂದ ಮೆಲ್ಲಗೆ ಒತ್ತಿ. ಸ್ಪ್ರಿಂಗ್ ಇದ್ದರೆ ತುದಿ ಒಳಗೆ ಸರಿಯುತ್ತದೆ. ಸ್ಪ್ರಿಂಗ್ ಇಲ್ಲದ್ದನ್ನು ಶಾಲೆಗೆ ಒಯ್ಯಬೇಡಿ. ಸ್ಲೈಡಿಗೂ ಈ ಮಸೂರಕ್ಕೂ ನಡುವೆ ಮಿಲಿಮೀಟರೂ ಜಾಗವಿರುವುದಿಲ್ಲ, ಮೊದಲ ವಾರವೇ ಡಿಕ್ಕಿ ಖಚಿತ.

ಬಿಡಿಭಾಗದ ಚಿಂತೆ ಅಷ್ಟು ಬೇಡ. ಶಾಲಾ ಸೂಕ್ಷ್ಮದರ್ಶಕಗಳಲ್ಲಿ ಹೆಚ್ಚಿನವು ಹರಿಯಾಣದ ಅಂಬಾಲಾದಲ್ಲಿ ತಯಾರಾಗುತ್ತವೆ. ವಸ್ತುಮಸೂರವನ್ನು ತಿರುಗಿಸಿ ಕೂರಿಸುವ ಮರೆ (ಥ್ರೆಡ್) ಸಾಮಾನ್ಯವಾಗಿ ಒಂದೇ ಅಳತೆಯದು, 20.32 ಮಿಲಿಮೀಟರ್ ವ್ಯಾಸ. ಒಂದು ಕಂಪನಿಯ ಮಸೂರ ಇನ್ನೊಂದಕ್ಕೆ ಕೂರುತ್ತದೆ. ಕೊಳ್ಳುವಾಗ ಮಸೂರದ ಮೇಲೆ 160/0.17 ಎಂದಿದೆಯೇ ನೋಡಿ. ಮೊದಲನೆಯದು ನಳಿಗೆಯ ಉದ್ದ, ಎರಡನೆಯದು ಕವರ್ ಸ್ಲಿಪ್ಪಿನ ದಪ್ಪ, ಎರಡೂ ಮಿಲಿಮೀಟರಿನಲ್ಲಿ. ಕವರ್ ಸ್ಲಿಪ್ ಹಾಕದೆ 450 ಪಟ್ಟಿನಲ್ಲಿ ನೋಡಿದರೆ ಚಿತ್ರ ಏಕೆ ಮಂಕಾಗುತ್ತದೆ ಎನ್ನುವುದಕ್ಕೆ ಉತ್ತರ ಆ 0.17ರಲ್ಲಿದೆ.

ಬೆಳಕಿನ ಮಾತು. ಕನ್ನಡಿ ಇರುವ ಮಾದರಿಯೂ ಸಿಗುತ್ತದೆ, ಎಲ್‌ಇಡಿ ಇರುವುದೂ ಸಿಗುತ್ತದೆ. ಕರೆಂಟಿನ ಭರವಸೆ ಇಲ್ಲದ ಊರಿಗೆ ಕನ್ನಡಿಯೇ ವಾಸಿ. ಕನ್ನಡಿಯ ಒಂದು ಮುಖ ಸಪಾಟು, ಇನ್ನೊಂದು ನಿಮ್ನ. ಕೆಳಗೆ ಕಂಡೆನ್ಸರ್ (ಬೆಳಕನ್ನು ಒಟ್ಟುಗೂಡಿಸುವ ಮಸೂರ) ಇಲ್ಲದ ಉಪಕರಣಕ್ಕೆ ನಿಮ್ನ ಮುಖ ಬಳಸಬೇಕು. ವಿಜಯಪುರದ ಬಿಸಿಲಿನಲ್ಲಿ ಒಂದು ಎಚ್ಚರಿಕೆ ತಪ್ಪಬಾರದು: ಕನ್ನಡಿಯನ್ನು ನೇರ ಸೂರ್ಯನ ಕಡೆ ತಿರುಗಿಸುವಂತಿಲ್ಲ, ಮಗುವಿನ ಕಣ್ಣು ಸುಡುತ್ತದೆ. ಉತ್ತರದ ಕಿಟಕಿ ಅಥವಾ ನೆರಳಿನ ಪಡಸಾಲೆಯಿಂದ ಕಾಣುವ ಬಿಳಿ ಆಕಾಶ ಸಾಕು. ಬಣ್ಣ ಹಾಕದ ಕೋಶ ನೋಡುವಾಗ ಬೆಳಕಿನ ಪ್ರಮಾಣ ಹೊಂದಿಸುವ ಡಯಾಫ್ರಮಿನ ತೂತನ್ನು ಸಣ್ಣದು ಮಾಡಿ. ಬೆಳಕು ಹೆಚ್ಚಾದಷ್ಟೂ ಪಾರದರ್ಶಕ ಅಂಚುಗಳು ಕರಗಿಹೋಗುತ್ತವೆ. ‘ಸರ್, ಏನೂ ಕಾಣವಲ್ದು’ ಎಂಬ ದೂರಿನಲ್ಲಿ ದೊಡ್ಡ ಪಾಲು ಹೆಚ್ಚಾದ ಬೆಳಕಿನದು.

ಇನ್ನು ಹತ್ತು ಸಿದ್ಧ ಸ್ಲೈಡು. ಉಳ್ಳಾಗಡ್ಡಿ ಬೇರುತುದಿಯ ಕೋಶವಿಭಜನೆಯ ಸ್ಲೈಡು ಕೊಳ್ಳಲೇಬೇಕಾದ್ದು, ಶಾಲೆಯಲ್ಲಿ ಅದನ್ನು ಮಾಡುವುದು ಕಷ್ಟ. 450 ಪಟ್ಟಿನಲ್ಲಿ ವರ್ಣತಂತುಗಳು ಎಣಿಸಲು ಬಾರದಿದ್ದರೂ ಸಾಲುಗಟ್ಟಿ ನಿಂತದ್ದು, ಎರಡು ಕಡೆ ಎಳೆದದ್ದು ಕಾಣುತ್ತದೆ. ಮನುಷ್ಯನ ರಕ್ತದ ಲೇಪವೂ ಒಳ್ಳೆಯದೇ. ಕೆಂಪುರಕ್ತಕಣಕ್ಕೆ ಕೋಶಕೇಂದ್ರವಿಲ್ಲ, ಪಕ್ಕದ ಬಿಳಿರಕ್ತಕಣಕ್ಕೆ ನೇರಳೆ ಬಣ್ಣದ ತುಂಡುತುಂಡಾದ ಕೋಶಕೇಂದ್ರವಿದೆ. ರಚನೆಗೂ ಕೆಲಸಕ್ಕೂ ಇರುವ ನಂಟನ್ನು ಒಂದೇ ವೃತ್ತದಲ್ಲಿ ತೋರಿಸುವ ಸ್ಲೈಡು ಇದು. ನರಕೋಶ ಆದರೆ ಆಗಲಿ. ಕಾರ್ಕಿನ ಸ್ಲೈಡು ಇದ್ದರೆ 1665ರಲ್ಲಿ ರಾಬರ್ಟ್ ಹುಕ್ ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು ಎಂದು ತೋರಿಸಲು ಅನುಕೂಲ, ಇಲ್ಲದಿದ್ದರೆ ಕೊರತೆಯೇನಿಲ್ಲ. ಉಳ್ಳಾಗಡ್ಡಿ ಪೊರೆ, ಕೆನ್ನೆಯ ಕೋಶ, ಎಲೆಯ ಮೇಲ್ಪೊರೆ ಇವುಗಳಿಗೆ ಹಣ ಹಾಕುವುದು ದಂಡ. ಬಣ್ಣ ಮಾಸಿರುತ್ತದೆ, ಅಂಟಿನಲ್ಲಿ ಗುಳ್ಳೆ ಇರುತ್ತದೆ, ತಾಜಾ ಮಾಡಿದ್ದರ ಮುಂದೆ ನಿಲ್ಲುವುದಿಲ್ಲ.

ತಾಜಾ ಸ್ಲೈಡಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಬಾಗಲಕೋಟೆ, ವಿಜಯಪುರದ ಸಂತೆಯ ಕೆಂಪು ಉಳ್ಳಾಗಡ್ಡಿಗಿಂತ ಒಳ್ಳೆಯ ಕೋಶದ ಸಾಮಾನು ಯಾವ ಕಿಟ್ಟಿನಲ್ಲೂ ಬರುವುದಿಲ್ಲ. ಪೆಟ್ಟಿಗೆಯ ಜೊತೆಗಿನ ಮಾರ್ಗದರ್ಶಿ ಒಳಪೊರೆಯನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಅಸಲಿ ಪಾಠ ಹೊರಪೊರೆಯಲ್ಲಿದೆ.

ಮೊದಲು ಒಳಪೊರೆ. ಉಳ್ಳಾಗಡ್ಡಿಯನ್ನು ನಾಲ್ಕು ಹೋಳು ಮಾಡಿ ಒಂದು ದಪ್ಪ ಪದರ ಬಿಡಿಸಿ. ಬಟ್ಟಲಿನಂತೆ ತಗ್ಗಾದ ಬದಿಯಲ್ಲಿ ಬ್ಲೇಡಿನಿಂದ 5 ಮಿಲಿಮೀಟರಿನ ಚೌಕ ಗೀರಿ ಚಿಮುಟದಿಂದ ಎತ್ತಿದರೆ ತೆಳುವಾದ ಪೊರೆ ಎದ್ದು ಬರುತ್ತದೆ. ತಕ್ಷಣ ನೀರಿಗೆ ಹಾಕಿ. ಗಾಳಿಯಲ್ಲಿ ಬಿಟ್ಟರೆ ಸುರುಳಿ ಸುತ್ತುತ್ತದೆ, ಆಮೇಲೆ ಬಿಡಿಸಲು ಹೋದರೆ ಹರಿಯುತ್ತದೆ. ಸ್ಲೈಡಿನ ಮೇಲೆ ಮೊದಲು ನೀರಿನ ಹನಿ, ಅದರ ಮೇಲೆ ಪೊರೆ, ಮೇಲೆ ಒಂದು ಹನಿ ಅಯೋಡಿನ್. ಒಂದು ನಿಮಿಷ ಬಿಟ್ಟು ಹೆಚ್ಚಿನದನ್ನು ಟಿಶ್ಯೂನಿಂದ ಹೀರಿ. ಕವರ್ ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿ, ಇನ್ನೊಂದನ್ನು ಸೂಜಿಯ ಮೇಲೆ ಆನಿಸಿ ನಿಧಾನ ಇಳಿಸಿ. ಧಪ್ಪನೆ ಬಿಟ್ಟರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ, ಅಚ್ಚುಕಟ್ಟಾದ ದುಂಡು ಆಕಾರ ಕಂಡರೆ ಅದು ಗಾಳಿಗುಳ್ಳೆ, ಹುಡುಗರು ಮೊದಲು ಬರೆಯುವುದು ಅದನ್ನೇ. ಕೋಶಗಳು ಇಟ್ಟಿಗೆ ಗೋಡೆಯಂತೆ ಒತ್ತೊತ್ತಾಗಿ, ಉದ್ದವಾಗಿರುತ್ತವೆ. ಕೋಶಕೇಂದ್ರ ಕಂದುಹಳದಿ ಚುಕ್ಕೆ. ಅದು ಎಷ್ಟೋ ಕೋಶಗಳಲ್ಲಿ ನಡುವೆ ಇರದೆ ಗೋಡೆಗೆ ಒತ್ತಿಕೊಂಡಿರುತ್ತದೆ. ‘ನಡುವೆ ಯಾಕಿಲ್ಲ?’ ಎಂದು ಕೇಳಿ. ನಡುವಿನ ಜಾಗವನ್ನೆಲ್ಲ ರಸದಾನಿ ಹಿಡಿದಿದೆ ಎಂಬ ಉತ್ತರಕ್ಕೆ ಮಕ್ಕಳೇ ಬರುತ್ತಾರೆ.

ಆ ರಸದಾನಿಯನ್ನು ಕಣ್ಣಿಗೆ ತೋರಿಸುವುದು ಹೊರಪೊರೆ. ಅದೇ ಪದರದ ಉಬ್ಬಿದ ಬದಿಯಿಂದ ಕೆಂಪು ಬಣ್ಣ ಗಾಢವಾಗಿರುವ ಕಡೆ ಪೊರೆ ಎತ್ತಿ. ಯಾವ ಬಣ್ಣವೂ ಬೇಡ, ನೀರಿನ ಹನಿಯಲ್ಲಿ ಇಟ್ಟರೆ ಸಾಕು. ಪ್ರತಿ ಕೋಶವೂ ಗುಲಾಬಿ ನೇರಳೆ ರಸದಿಂದ ತುಂಬಿರುತ್ತದೆ. ಬಣ್ಣವಿರುವುದು ರಸದಾನಿಯ ರಸದಲ್ಲಿ. ಈಗ 100 ಮಿಲಿಲೀಟರ್ ನೀರಿಗೆ 5 ಗ್ರಾಂ ಅಡುಗೆ ಉಪ್ಪು ಕರಗಿಸಿ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಎರಡು ಹನಿ ಬಿಡಿ, ಎದುರಿನ ಅಂಚಿನಲ್ಲಿ ಟಿಶ್ಯೂ ತುಂಡು ಇಟ್ಟು ಕೆಳಗಿನ ನೀರನ್ನು ಎಳೆದುಕೊಳ್ಳಿ. ಕಣ್ಣು ಮಸೂರದಿಂದ ತೆಗೆಯಬೇಡಿ. ಕೆಲವು ನಿಮಿಷಗಳಲ್ಲಿ ಬಣ್ಣದ ಮುದ್ದೆ ಮೂಲೆಗಳಿಂದ ಬಿಟ್ಟುಕೊಂಡು ಒಳಕ್ಕೆ ಸರಿಯುತ್ತದೆ, ಗೋಡೆ ನಿಂತಲ್ಲೇ ನಿಲ್ಲುತ್ತದೆ. ಕುಗ್ಗಿದಂತೆ ಬಣ್ಣ ಇನ್ನೂ ಗಾಢವಾಗುತ್ತದೆ: ಹೊರಹೋದದ್ದು ನೀರು, ಬಣ್ಣ ಅಲ್ಲೇ ಉಳಿಯಿತು. ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ ಎಂದು ಬೋರ್ಡಿನ ಮೇಲೆ ಎಷ್ಟು ಬರೆದರೂ ಆಗದ್ದು ಇಲ್ಲಿ ತಾನಾಗಿ ಆಗುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಅದೇ ರೀತಿ ಸಾದಾ ನೀರು ಹಾಯಿಸಿದರೆ ಮುದ್ದೆ ಮತ್ತೆ ಹಿಗ್ಗಿ ಗೋಡೆಗೆ ತಾಗುತ್ತದೆ. ಹಿಗ್ಗಲಿಲ್ಲವೆಂದರೆ ಉಪ್ಪು ಅತಿಯಾಗಿದೆ ಅಥವಾ ಹೆಚ್ಚು ಹೊತ್ತು ಬಿಟ್ಟಿದ್ದೀರಿ, ಕೋಶ ಸತ್ತಿದೆ. ಪಕ್ಕದಲ್ಲಿ ಇನ್ನೊಂದು ಸ್ಲೈಡಿಗೆ ಎರಡು ನಿಮಿಷ ಕುದಿಸಿದ ಪೊರೆ ಇಡಿ. ಬಣ್ಣ ನೀರಿಗೆ ಸೋರಿಹೋಗಿರುತ್ತದೆ, ಉಪ್ಪು ಹಾಕಿದರೂ ಏನೂ ಕುಗ್ಗದು. ಒಳಹೊರಗೆ ಹೋಗುವುದನ್ನು ಆಯುವ ಕೆಲಸ ಜೀವಂತ ಪೊರೆಯದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಈ ಪ್ರಯೋಗಕ್ಕೆ ಸಫ್ರಾನಿನ್ ಅಥವಾ ಅಯೋಡಿನ್ ಹಾಕಬಾರದು, ಅವು ಕೋಶವನ್ನು ಕೊಲ್ಲುತ್ತವೆ. ಪೊರೆಯ ಮೂಲಕ ನೀರು ಸಾಗುವ ಅಭಿಸರಣೆಯನ್ನು (ಆಸ್ಮಾಸಿಸ್) ತೋರಿಸಲು ಒಣದ್ರಾಕ್ಷಿ ನೆನೆಹಾಕುವ ಚಟುವಟಿಕೆಯೂ ರೂಢಿಯಲ್ಲಿದೆ. ವಿಜಯಪುರದಲ್ಲಿ ಒಣದ್ರಾಕ್ಷಿಗೆ ಬರವಿಲ್ಲ, 10 ಗ್ರಾಂ ತೂಗಿ ನೆನೆಹಾಕಿ ನಾಲ್ಕೈದು ತಾಸಿನ ಮೇಲೆ ಮತ್ತೆ ತೂಗಿದರೆ ಲೆಕ್ಕ ಸಿಗುತ್ತದೆ. ಆದರೆ ಒಣಗಿದ ಹಣ್ಣಿನಲ್ಲಿ ಕೋಶಗಳು ಜೀವಂತವಾಗಿ ಉಳಿದಿರುವುದಿಲ್ಲ. ಅದು ಪಾಠಕ್ಕೆ ಮುನ್ನುಡಿ ಮಾತ್ರ.

ನೀರಿನ ಬಗ್ಗೆ ಒಂದು ಮಾತು. ಕೊಳವೆಬಾವಿಯ ಗಡಸು ನೀರು ಒಣಗಿದ ಕೂಡಲೇ ಸ್ಲೈಡಿನ ಮೇಲೆ ಬಿಳಿ ಹರಳು ಬಿಡುತ್ತದೆ, 100 ಪಟ್ಟಿನಲ್ಲಿ ಅದು ಬಲು ಚಂದ ಕಾಣುವುದರಿಂದ ಹುಡುಗರು ಕೋಶವೆಂದೇ ನಂಬುತ್ತಾರೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟರೆ ವರ್ಷಕ್ಕೆ ಸಾಕು. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ, ಲೇಬಲ್ ಓದಿ ತನ್ನಿ.

ಕೆನ್ನೆಯ ಕೋಶಕ್ಕೆ ಮಿಥಿಲೀನ್ ಬ್ಲೂ ಬೇಕು. ಬಾಟಲಿಯ ಮೇಲೆ 1 ಶೇಕಡ ಎಂದಿದ್ದರೆ ಹಾಗೇ ಹಾಕಬೇಡಿ, ಎಲ್ಲವೂ ಗಾಢ ನೀಲಿಯಾಗಿ ಕೋಶಕೇಂದ್ರ ಹೂತುಹೋಗುತ್ತದೆ. ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಬೆರೆಸಿ. ಬಾಯಿ ಮುಕ್ಕಳಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಬದಿಯನ್ನು ಮೆಲ್ಲಗೆ ಉಜ್ಜಿ ಸ್ಲೈಡಿಗೆ ಸವರಿದರೆ ಸಾಕು, ಕೆರೆಯುವುದು ಬೇಡ. ಒಬ್ಬರಿಗೆ ಒಂದೇ ಕಡ್ಡಿ, ಒಂದೇ ಸಲ. ಬಳಸಿದ ಕಡ್ಡಿ ಮತ್ತು ಸ್ಲೈಡು ನೇರ ಬ್ಲೀಚಿಂಗ್ ದ್ರಾವಣಕ್ಕೆ. ಈ ನೀಲಿ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ಬಿಳಿ ಯೂನಿಫಾರ್ಮಿನ ದಿನ ಇದನ್ನು ಇಟ್ಟುಕೊಳ್ಳಬೇಡಿ.

ಅದೇ ಮಿಥಿಲೀನ್ ಬ್ಲೂನಿಂದ ಉಸಿರಾಟವನ್ನೂ ತೋರಿಸಬಹುದು, ಕಿಟ್ಟಿನ ಮಾರ್ಗದರ್ಶಿಯಲ್ಲಿ ಇದು ಇಲ್ಲದಿರುವುದು ಆಶ್ಚರ್ಯ. ಬೇಕರಿಯ ಒಣ ಯೀಸ್ಟ್ 1 ಗ್ರಾಂ, ಉಗುರುಬೆಚ್ಚಗಿನ ನೀರು 20 ಮಿಲಿಲೀಟರ್, ಅರ್ಧ ಚಮಚ ಸಕ್ಕರೆ. ಹತ್ತು ನಿಮಿಷ ಬಿಟ್ಟು ಎರಡು ಪ್ರನಾಳಕ್ಕೆ ಹಂಚಿ. ಒಂದನ್ನು ಕುದಿಸಿ ಆರಿಸಿ. ಎರಡಕ್ಕೂ ತೆಳು ಮಾಡಿದ ನೀಲಿ ಎರಡೆರಡು ಹನಿ ಹಾಕಿ ಅಲುಗಾಡಿಸದೆ ನಿಲ್ಲಿಸಿ. ಜೀವಂತ ಯೀಸ್ಟ್ ಇರುವ ಪ್ರನಾಳದ ನೀಲಿ ಕ್ರಮೇಣ ಮಾಯವಾಗುತ್ತದೆ, ಮೇಲ್ತುದಿಯಲ್ಲಿ ಗಾಳಿ ತಾಗುವ ಕಡೆ ಮಾತ್ರ ತೆಳು ಉಂಗುರ ಉಳಿಯುತ್ತದೆ. ಬೆರಳು ಮುಚ್ಚಿ ಜೋರಾಗಿ ಅಲುಗಿಸಿದರೆ ಆಮ್ಲಜನಕ ಬೆರೆತು ನೀಲಿ ಮರಳುತ್ತದೆ. ಕುದಿಸಿದ್ದು ನೀಲಿಯಾಗಿಯೇ ನಿಲ್ಲುತ್ತದೆ. ಸಕ್ಕರೆಯಿಂದ ಶಕ್ತಿ ಪಡೆಯುವಾಗ ಕೋಶ ಬಿಡಿಸಿದ ಹೈಡ್ರೋಜನ್ನನ್ನು ಬಣ್ಣ ಹಿಡಿದುಕೊಳ್ಳುವುದರಿಂದ ಹೀಗಾಗುತ್ತದೆ. ‘ಮೈಟೋಕಾಂಡ್ರಿಯಾ ಕೋಶದ ಶಕ್ತಿಕೇಂದ್ರ’ ಎಂದು ಉರುಹೊಡೆಸುವ ಬದಲು ಇದನ್ನು ಮಾಡಿ.

ಕ್ಲೋರೋಪ್ಲಾಸ್ಟಿಗೆ ಅಕ್ವೇರಿಯಂ ಅಂಗಡಿಯ ಹೈಡ್ರಿಲ್ಲಾ ಎಲೆ ಸಾಕು. ಮಳೆಗಾಲದಲ್ಲಿ ಬೆಳಗಾವಿ, ಖಾನಾಪುರದ ಕಡೆಯವರು ಗೋಡೆಯ ಮೇಲಿನ ಹಾವಸೆ ಸಸ್ಯದ ಎಲೆಯನ್ನೇ ಕಿತ್ತು ಇಡಬಹುದು, ಅದರ ಎಲೆ ಬಹುಪಾಲು ಒಂದೇ ಕೋಶದಷ್ಟು ತೆಳು. ಹೈಡ್ರಿಲ್ಲಾ ಎಲೆಯ ನಡುನರದ ಬಳಿ 450 ಪಟ್ಟಿನಲ್ಲಿ ಸ್ವಲ್ಪ ಹೊತ್ತು ಕಾದರೆ ಹಸಿರು ಕಣಗಳು ಗೋಡೆಯ ಉದ್ದಕ್ಕೂ ಸಾಗುವುದು ಕಾಣುತ್ತದೆ. ತಣ್ಣಗಿನ ನೀರಿನಲ್ಲಿ ಅವು ಅಲುಗುವುದಿಲ್ಲ, ಮೊದಲು ಬೆಳಕಿನಲ್ಲಿ ಬೆಚ್ಚಗಿಡಿ.

ಮಾದರಿಗಳ ಮೇಲೆ ನಮ್ಮ ತಕರಾರು ದೊಡ್ಡದು. ನೋಡಲು ಆಕರ್ಷಕ, ಪ್ರದರ್ಶನಕ್ಕೆ ಜೋರು. ಆದರೆ ಸಸ್ಯಕೋಶದ ಮಾದರಿಯಲ್ಲೂ ಸೆಂಟ್ರಿಯೋಲ್ (ಪ್ರಾಣಿಕೋಶದ ವಿಭಜನೆಯಲ್ಲಿ ಪಾಲುಗೊಳ್ಳುವ ಪುಟ್ಟ ಭಾಗ) ಅಂಟಿಸಿದ್ದಾರೆ. ಪ್ರಾಣಿಕೋಶದ ಮಾದರಿಯನ್ನೇ ನಕಲು ಮಾಡಿ ಹಸಿರು ಬಳಿದಂತಿದೆ, ಹೂಬಿಡುವ ಸಸ್ಯಗಳ ಕೋಶದಲ್ಲಿ ಸೆಂಟ್ರಿಯೋಲ್ ಇಲ್ಲ. ರಸದಾನಿ ಮೂಲೆಯಲ್ಲಿ ಮುದುಡಿದೆ, ಕೋಶಕೇಂದ್ರ ನಡುವೆ ರಾಜನಂತೆ ಕೂತಿದೆ. ಅಳತೆಯಂತೂ ಕೇಳಬೇಡಿ. 20 ಮೈಕ್ರೋಮೀಟರಿನ ಪ್ರಾಣಿಕೋಶವನ್ನು 20 ಸೆಂಟಿಮೀಟರಿಗೆ ಹಿಗ್ಗಿಸಿದರೆ ಅದು 10,000 ಪಟ್ಟು. ಆ ಲೆಕ್ಕದಲ್ಲಿ ಮೈಟೋಕಾಂಡ್ರಿಯಾದ ಅಗಲ ಒಂದು ಸೆಂಟಿಮೀಟರೊಳಗೆ ಇರಬೇಕು, ರೈಬೋಸೋಮ್ ಕಾಲು ಮಿಲಿಮೀಟರ್, ಕೋಶಪೊರೆ ಒಂದು ನೋಟ್‌ಬುಕ್ ಹಾಳೆಯಷ್ಟು ತೆಳು. ಪೆಟ್ಟಿಗೆಯಲ್ಲಿರುವ ಮಾದರಿಯ ಪೊರೆ ಹೆಬ್ಬೆರಳಿನಷ್ಟು ದಪ್ಪ! ಅಷ್ಟು ಹಣ ಕೊಟ್ಟು ತಪ್ಪು ತರುವುದಕ್ಕಿಂತ ಈ ಅಳತೆಗಳನ್ನು ಕೊಟ್ಟು ಮಕ್ಕಳಿಂದಲೇ ರೊಟ್ಟಿನಲ್ಲಿ ಕತ್ತರಿಸಿ ಮಾಡಿಸಿ. ಈಗಾಗಲೇ ಕೊಂಡಿದ್ದರೆ ‘ಇದರಲ್ಲಿ ತಪ್ಪು ಹುಡುಕಿ’ ಎಂದು ಕೊಡಿ, ಅದಕ್ಕೆ ಚೆನ್ನಾಗಿ ಬಳಕೆಯಾಗುತ್ತದೆ. ಚಾರ್ಟಿಗೂ ಇದೇ ಮಾತು.

ಕೋಶದ ಗಾತ್ರ ಅಳೆಯಲು ಬೇರೆ ಸಾಧನ ಬೇಕಿಲ್ಲ. ಪಾರದರ್ಶಕ ಅಡಿಪಟ್ಟಿಯನ್ನು 10ರ ಮಸೂರದ ಕೆಳಗಿಟ್ಟು ವೃತ್ತದ ವ್ಯಾಸ ಎಷ್ಟು ಮಿಲಿಮೀಟರ್ ನೋಡಿ. 1.6 ಬಂತೆನ್ನಿ, ಅದರಲ್ಲಿ ಉದ್ದಕ್ಕೆ ಐದು ಉಳ್ಳಾಗಡ್ಡಿ ಕೋಶ ಹಿಡಿದರೆ ಒಂದೊಂದು ಸುಮಾರು 0.3 ಮಿಲಿಮೀಟರ್. 45ರ ಮಸೂರದಲ್ಲಿ ವ್ಯಾಸ ನಾಲ್ಕೂವರೆ ಪಟ್ಟು ಕಿರಿದು. ಕೆನ್ನೆಯ ಕೋಶ ಅದರಲ್ಲಿ ಸುಮಾರು 0.06 ಬರುತ್ತದೆ.

ಮೊಬೈಲ್ ಕ್ಲಿಪ್ಪು ಎರಡು ಮೂರು ಕ್ಯಾಮೆರಾ ಇರುವ ಫೋನಿಗೆ ಸರಿಯಾಗಿ ಕೂರುವುದಿಲ್ಲ. ಮುಖ್ಯ ಕ್ಯಾಮೆರಾ ಯಾವುದೆಂದು ಬೆರಳು ಮುಚ್ಚಿ ಗುರುತಿಸಿ, ಅದನ್ನೇ ಕಣ್ಣುಮಸೂರದ ನಡುವಿಗೆ ತರಬೇಕು. ತಾಳ್ಮೆಯಿಂದ ಕೂರಿಸಿದರೆ ಇದು ಪೆಟ್ಟಿಗೆಯ ಅತ್ಯುಪಯುಕ್ತ ವಸ್ತುಗಳಲ್ಲಿ ಒಂದು, ಏಕೆಂದರೆ ನಲವತ್ತು ಮಕ್ಕಳಿಗೆ ಒಂದು ಸೂಕ್ಷ್ಮದರ್ಶಕ, ನಲವತ್ತು ನಿಮಿಷದ ಪೀರಿಯಡ್ ಎಂದರೆ ತಲೆಗೊಂದು ನಿಮಿಷವೂ ಸಿಗುವುದಿಲ್ಲ. ಸ್ಮಾರ್ಟ್ ಕ್ಲಾಸಿನ ಟಿವಿಗೆ ಫೋನ್ ಜೋಡಿಸಿ ಏನು ಹುಡುಕಬೇಕೆಂದು ಮೊದಲು ಎಲ್ಲರಿಗೂ ತೋರಿಸಿ, ಆಮೇಲೆ ಒಬ್ಬೊಬ್ಬರನ್ನೇ ಕಳಿಸಿ. ಇದೇ ಕಾರಣಕ್ಕೆ, ಮಾದರಿಗಳನ್ನು ಬಿಟ್ಟು ಉಳಿದ ಹಣದಲ್ಲಿ ಕಾಗದದ ಮಡಿಕೆ ಸೂಕ್ಷ್ಮದರ್ಶಕಗಳನ್ನು ತರುವುದು ಲೇಸು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ 2014ರಲ್ಲಿ ಪ್ರಕಟಿಸಿದ, ಒಂಟಿ ಮಸೂರದ ಫೋಲ್ಡ್‌ಸ್ಕೋಪ್ 140 ಪಟ್ಟು ಹಿಗ್ಗಿಸುತ್ತದೆ. ಉಳ್ಳಾಗಡ್ಡಿಯ ಗೋಡೆಯೂ ಕೋಶಕೇಂದ್ರವೂ ಅದರಲ್ಲಿ ಕಾಣುತ್ತವೆ. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಸಸ್ಯದ ಕೋಶಗಳಲ್ಲಿ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟದ್ದೂ ಒಂಟಿ ಮಸೂರದ ಉಪಕರಣದಿಂದಲೇ. ಈ ಕಾಗದದ ಉಪಕರಣದ ಮಿತಿ ಒಂದು: ಫೋಕಸ್ ಮಾಡಲು ಬೆರಳಿನ ಹದ ಬೇಕು, ಮೊದಲ ಪೀರಿಯಡ್ ಅದಕ್ಕೇ ಹೋಗುತ್ತದೆ.

ಇಡುವ ಜಾಗದ ವಿಷಯ. ಬೆಳಗಾವಿಯ ಮಳೆಗಾಲದ ತೇವಕ್ಕೆ ಮಸೂರದ ಮೇಲೆ ಬೂಷ್ಟು ಬಲೆ ಕಟ್ಟುತ್ತದೆ, ಒಮ್ಮೆ ಕಟ್ಟಿದರೆ ಗಾಜಿನ ಲೇಪ ತಿನ್ನುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಮತ್ತೆ ಬಳಸಿ. ವಿಜಯಪುರ, ಬಾಗಲಕೋಟೆಯ ಕಡೆ ವೈರಿ ಧೂಳು. ಅಂಗಿಯ ತುದಿಯಿಂದ ಮಸೂರ ಒರೆಸಿದರೆ ಧೂಳಿನ ಮರಳೇ ಗೀರು ಹಾಕುತ್ತದೆ, ಮೊದಲು ಊದುರಬ್ಬರಿನಿಂದ ಊದಿ. ಕಲೆ ಎಲ್ಲಿದೆ ಎಂದು ತಿಳಿಯಲು ಕಣ್ಣುಮಸೂರ ತಿರುಗಿಸಿ ನೋಡಿ. ಕಲೆಯೂ ತಿರುಗಿದರೆ ಅದು ಅಲ್ಲಿದೆ, ಸ್ಲೈಡಿನ ಜೊತೆ ಸರಿದರೆ ಸ್ಲೈಡಿನಲ್ಲಿದೆ, ಎರಡೂ ಅಲ್ಲದಿದ್ದರೆ ವಸ್ತುಮಸೂರದ ಮೇಲೆ.

ಬಿಲ್ ಮಾಡಿಸುವಾಗ ‘ಕಿಟ್ 1’ ಎಂದು ಒಂದೇ ಸಾಲು ಬರೆಸಬೇಡಿ. ಸೂಕ್ಷ್ಮದರ್ಶಕ, ಬಣ್ಣ, 75×25 ಮಿಲಿಮೀಟರಿನ ಸ್ಲೈಡು 50, ಕವರ್ ಸ್ಲಿಪ್ 100, ಹೀಗೆ ಬಿಡಿಬಿಡಿಯಾಗಿ ಬರೆಸಿ, ಜಿಎಸ್‌ಟಿ ಮತ್ತು ಸಾಗಣೆ ಸೇರಿದೆಯೋ ಕೇಳಿ. ಒಂದು ಮಸೂರ ಕೆಟ್ಟರೆ ಇಡೀ ಕಿಟ್ ವಾಪಸ್ ತನ್ನಿ ಎಂದು ಅಂಗಡಿಯವರು ವಾದಿಸುವುದು ಆಗ ತಪ್ಪುತ್ತದೆ.